ಕಣ್ಣಿಗೆ ಒಂದೇ, ಕಾರಣಕ್ಕೆ ಬೇರೆ

ಮೊಬೈಲ್ ಆ್ಯಪ್ ಕಟ್ಟುವ ಕೆಲಸದಲ್ಲಿರುವವರು ಹೆಚ್ಚು ಯೋಚಿಸದೆ ಒಪ್ಪಿಕೊಂಡುಬಿಟ್ಟಿರುವ ಒಂದು ನಂಬಿಕೆ ಇದೆ. ಎರಡು ಸ್ಕ್ರೀನ್‌ಗಳಲ್ಲಿ ಒಂದೇ ಥರದ ಲೇಔಟ್ ಕಂಡರೆ ಅದನ್ನು ಒಂದು ಫೈಲಿನಲ್ಲಿ ಬರೆದಿಟ್ಟು ಎರಡೂ ಕಡೆ ಅದನ್ನೇ ಬಳಸಬೇಕು, ಕಾಪಿ-ಪೇಸ್ಟ್ ಮಾಡುವುದು ಕೆಟ್ಟ ಅಭ್ಯಾಸ ಎಂಬುದು ಆ ನಂಬಿಕೆ. ಪಣಜಿ, ಪರ್ವರಿ ಕಡೆಯ ಸಣ್ಣ ಕಂಪನಿಗಳಲ್ಲಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಕೋಡ್ ರಿವ್ಯೂಗೆ ಕೂತ ಮೊದಲ ದಿನಗಳಲ್ಲೇ ಇದನ್ನು ಕೇಳಿಸಿಕೊಳ್ಳುತ್ತಾರೆ. ಬೆಂಗಳೂರಿನಲ್ಲೂ ಹುಬ್ಬಳ್ಳಿಯಲ್ಲೂ ಮಾತು ಇದೇ. ಇಂದು ಕೇಳಿಸಿಕೊಂಡವರು ನಾಲ್ಕು ವರ್ಷ ಕಳೆದ ಮೇಲೆ ಹಿರಿಯರಾಗಿ ಕಿರಿಯರಿಗೆ ಅದನ್ನೇ ದಾಟಿಸುತ್ತಾರೆ. ಈ ನಂಬಿಕೆ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಇದರೊಳಗೆ ಮೂರು ಬೇರೆ ಬೇರೆ ಮಾತುಗಳು ಕಲಸಿಕೊಂಡಿವೆ. ಅವುಗಳಲ್ಲಿ ಎರಡಕ್ಕೆ ಹಂಚಿಕೊಂಡ ಫೈಲು ಬೇಕಾಗಿಯೇ ಇಲ್ಲ. ಉಳಿದ ಒಂದಕ್ಕೆ ಬೇಕು, ಆದರೆ ಎಲ್ಲಿ ಬೇಕು ಎಂದು ತೀರ್ಮಾನಿಸಲು ಕಣ್ಣಿಗೆ ಒಂದೇ ಥರ ಕಾಣುವುದು ಸಾಲದು. ಗೋವಾದಂಥ ಕಡೆ, ಒಂದೇ ಆ್ಯಪ್ ನಾಲ್ಕಾರು ಭಾಷೆ, ಮೂರು ನಾಲ್ಕು ಲಿಪಿಗಳ ಜನರ ಕೈಗೆ ಹೋಗುವಲ್ಲಿ, ಈ ಗೊಂದಲದ ಬೆಲೆಯನ್ನು ತೆರುವವರು ಡೆವಲಪರ್‌ಗಳಷ್ಟೇ ಅಲ್ಲ, ಆ್ಯಪ್ ಬಳಸುವವರೂ ಕೂಡ. ಹಾಗಾಗಿ ಬಿಡಿಸಿ ನೋಡುವುದು ಅಗತ್ಯ.

ಮೊದಲು ಆ ನಂಬಿಕೆಯ ಪರವಾಗಿ ಹೇಳಬಹುದಾದದ್ದನ್ನು ಪೂರ್ತಿಯಾಗಿ ಹೇಳಿಬಿಡೋಣ. ಒಂದು ಆ್ಯಪ್‌ನ ಹತ್ತು ಸ್ಕ್ರೀನ್‌ಗಳಲ್ಲಿ ಮೇಲೆ ಅದೇ ಹೆಡರ್ ಇದೆ, ಎಡಕ್ಕೆ ಹಿಂದೆ ಹೋಗುವ ಬಾಣ, ನಡುವೆ ಶೀರ್ಷಿಕೆ, ಬಲಕ್ಕೆ ಹುಡುಕುವ ಗುರುತು. ಹತ್ತು ಫೈಲುಗಳಲ್ಲಿ ಅದನ್ನು ಹತ್ತು ಸಲ ಬರೆದರೆ, ನಾಳೆ ಬಾಣದ ಬಟನ್ ಚಿಕ್ಕದಾಯಿತು, ಬೆರಳಿಗೆ ಸಿಗುತ್ತಿಲ್ಲ ಎಂದು ದೂರು ಬಂದಾಗ ಹತ್ತು ಕಡೆ ತಿದ್ದಬೇಕು. ಒಂಬತ್ತು ಕಡೆ ತಿದ್ದಿ ಹತ್ತನೆಯದು ಮರೆತುಹೋಗುವುದೇ ಹೆಚ್ಚು. ಮರೆತ ಆ ಒಂದು ಸ್ಕ್ರೀನ್ ಯಾವುದೋ ಅಪರೂಪದ ದಾರಿಯಲ್ಲಿ ಸಿಗುವಂಥದ್ದಾದರೆ ಪರೀಕ್ಷೆ ಮಾಡುವವರ ಕಣ್ಣಿಗೂ ಬೀಳುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಇದಕ್ಕೆಂದೇ ಹಳೆಯ ಸಲಕರಣೆಗಳಿವೆ: ಹೆಡರನ್ನು ಬೇರೆ ಎಕ್ಸ್‌ಎಂಎಲ್ ಫೈಲಿನಲ್ಲಿಟ್ಟು 'ಇನ್‌ಕ್ಲೂಡ್' ಎಂಬ ಟ್ಯಾಗ್‌ನಿಂದ ಬೇಕಾದ ಕಡೆ ತರಿಸಿಕೊಳ್ಳಬಹುದು, ಹಾಗೆ ತರುವಾಗ ಅನಗತ್ಯವಾದ ಒಂದು ಹೊರ ಪದರ ಸೇರಿಕೊಳ್ಳದಂತೆ 'ಮರ್ಜ್' ಟ್ಯಾಗ್ ಬಳಸಬಹುದು. 1999ರಲ್ಲಿ ಆಂಡಿ ಹಂಟ್ ಮತ್ತು ಡೇವ್ ಥಾಮಸ್ ತಮ್ಮ 'ದ ಪ್ರಾಗ್ಮ್ಯಾಟಿಕ್ ಪ್ರೋಗ್ರಾಮರ್' ಪುಸ್ತಕದಲ್ಲಿ ಪುನರಾವರ್ತನೆ ಬೇಡ ಎಂಬ ತತ್ವಕ್ಕೆ ಹೆಸರಿಟ್ಟು ಪ್ರಚಾರ ಮಾಡಿದ ಮೇಲಂತೂ ಈ ನಂಬಿಕೆಗೆ ಶಾಸ್ತ್ರದ ಬಲವೂ ಸಿಕ್ಕಿತು. ಇಷ್ಟೆಲ್ಲ ನಿಜ. ಹೆಡರ್‌ನ ಉದಾಹರಣೆಯಲ್ಲಿ ನಾನೂ ಒಂದೇ ಫೈಲಿನ ಪರ.

ಗೊಂದಲ ಶುರುವಾಗುವುದು 'ಮರುಬಳಕೆಯಿಂದ ಏನು ಲಾಭ' ಎಂದು ಕೇಳಿದಾಗ. ಸಾಮಾನ್ಯವಾಗಿ ಸಿಗುವ ಉತ್ತರಗಳು ಮೂರು:

1. ಬರೆಯುವುದೂ ತಿದ್ದುವುದೂ ಒಂದೇ ಕಡೆ ಆಗುತ್ತದೆ.
2. ಆ್ಯಪ್ ವೇಗವಾಗಿ ಓಡುತ್ತದೆ, ಮೆಮೊರಿ ಉಳಿಯುತ್ತದೆ.
3. ಎಲ್ಲ ಸ್ಕ್ರೀನ್‌ಗಳೂ ಒಂದೇ ಮನೆಯವರಂತೆ ಕಾಣುತ್ತವೆ, ಬಳಸುವವರಿಗೆ ಗಲಿಬಿಲಿ ಆಗುವುದಿಲ್ಲ.

ಎರಡನೆಯದನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ಬೇಗ ಮುಗಿಯುತ್ತದೆ. ಉದ್ದನೆಯ ಪಟ್ಟಿಯನ್ನು ಮೇಲಕ್ಕೆ ತಳ್ಳುತ್ತ ಹೋದಾಗ ಪರದೆಯಿಂದ ಹೊರಗೆ ಹೋದ ಸಾಲಿನ ವ್ಯೂವನ್ನೇ ಕೆಳಗಿನಿಂದ ಬರುವ ಹೊಸ ಸಾಲಿಗೆ ಬಳಸಿಕೊಳ್ಳುವ ವ್ಯವಸ್ಥೆ ಆಂಡ್ರಾಯ್ಡ್‌ನಲ್ಲಿದೆ. 2014ರಲ್ಲಿ ಬಂದ ರಿಸೈಕ್ಲರ್‌ವ್ಯೂನ ಹೆಸರೇ ಅದನ್ನು ಹೇಳುತ್ತದೆ. ಇದು ಆ್ಯಪ್ ಓಡುವಾಗ ಆಗುವ ಮರುಬಳಕೆ. ಕೋಡ್ ಬರೆಯುವಾಗಿನ ಮರುಬಳಕೆಗೂ ಇದಕ್ಕೂ ಸಂಬಂಧವಿಲ್ಲ. ಒಂದೇ ಪಟ್ಟಿಯಲ್ಲಿ ಮೂರು ಬಗೆಯ ಸಾಲುಗಳು, ಮೂರು ಬೇರೆ ಲೇಔಟ್ ಫೈಲುಗಳು ಇದ್ದರೂ ರಿಸೈಕ್ಲರ್‌ವ್ಯೂ ಪ್ರತಿ ಬಗೆಯನ್ನು ಪ್ರತ್ಯೇಕವಾಗಿ ನೆನಪಿಟ್ಟುಕೊಂಡು ಮರುಬಳಸುತ್ತದೆ. ಇನ್ನೊಂದು ಕಡೆಯಿಂದ ನೋಡಿದರೆ, 'ಇನ್‌ಕ್ಲೂಡ್' ಮಾಡಿ ಹತ್ತು ಕಡೆ ತಂದ ಹೆಡರ್ ಓಡುವ ಹೊತ್ತಿಗೆ ಹತ್ತು ಬೇರೆ ಬೇರೆ ವ್ಯೂಗಳೇ ಆಗಿರುತ್ತದೆ, ಬೈಟಿನಷ್ಟೂ ಮೆಮೊರಿ ಉಳಿಯುವುದಿಲ್ಲ. ಎಲ್ಲವನ್ನೂ ಒಂದೇ ಲೇಔಟ್‌ನಲ್ಲಿ ತುರುಕಿ ಬೇಡವಾದದ್ದನ್ನು ಮರೆಮಾಡುವ ಪದ್ಧತಿ ವೇಗವನ್ನು ಹೆಚ್ಚಿಸುವ ಬದಲು ಕಡಿಮೆ ಮಾಡುವುದೂ ಉಂಟು. ಆದ್ದರಿಂದ ವೇಗದ ಹೆಸರಿನಲ್ಲಿ ಲೇಔಟ್‌ಗಳನ್ನು ಒಂದುಗೂಡಿಸುವವರು ತಪ್ಪು ಲೆಕ್ಕದ ಮೇಲೆ ನಡೆಯುತ್ತಿದ್ದಾರೆ.

ಮೂರನೆಯ ಲಾಭ, ಅಂದರೆ ಒಂದೇ ನೋಟ, ಬಳಸುವವರ ದೃಷ್ಟಿಯಿಂದ ಅತ್ಯಂತ ಮುಖ್ಯ. ಆದರೆ ಅದು ಲೇಔಟ್ ಫೈಲನ್ನು ಹಂಚಿಕೊಳ್ಳುವುದರಿಂದ ಬರುವುದಲ್ಲ. ಅಕ್ಷರದ ಗಾತ್ರ, ಸಾಲುಗಳ ನಡುವಿನ ಅಂತರ, ಕಾರ್ಡಿನ ಮೂಲೆಯ ದುಂಡು, ತಪ್ಪು ತೋರಿಸುವ ಕೆಂಪು ಬಣ್ಣ ಇವೆಲ್ಲ ಥೀಮಿನಲ್ಲಿ, ಸ್ಟೈಲ್‌ಗಳಲ್ಲಿ ಹೆಸರಿಟ್ಟು ಇಡಬೇಕಾದ ತೀರ್ಮಾನಗಳು. ಅವು ಅಲ್ಲಿದ್ದರೆ ಎರಡು ಲೇಔಟ್‌ಗಳನ್ನು ಇಬ್ಬರು ಬೇರೆ ಬೇರೆ ಊರಿನಲ್ಲಿ ಕೂತು ಬರೆದರೂ ಒಂದೇ ಥರ ಕಾಣುತ್ತವೆ. ಅವು ಅಲ್ಲಿಲ್ಲದೆ ಲೇಔಟ್‌ನೊಳಗೇ ಸಂಖ್ಯೆಗಳಾಗಿ ಹುದುಗಿದ್ದರೆ, ಲೇಔಟ್ ಹಂಚಿಕೊಂಡ ಎರಡು ಸ್ಕ್ರೀನ್‌ಗಳು ಹೊಂದಿಕೊಂಡು ಮೂರನೆಯದು ಪರಕೀಯವಾಗಿ ನಿಲ್ಲುತ್ತದೆ. ಒಂದೇ ನೋಟ ಬೇಕೆಂದು ಕಾರ್ಡನ್ನೇ ಹಂಚಿಕೊಳ್ಳುವವರು ಚಿಕ್ಕದನ್ನು ಹಂಚಿಕೊಳ್ಳಬೇಕಾದಲ್ಲಿ ದೊಡ್ಡದನ್ನು ಹಂಚಿಕೊಳ್ಳುತ್ತಿದ್ದಾರೆ. ಅದರ ಕಷ್ಟ ಮುಂದೆ ಬರುತ್ತದೆ.

ಉಳಿದದ್ದು ಮೊದಲನೆಯ ಲಾಭ: ತಿದ್ದುವುದು ಒಂದೇ ಕಡೆ. ಇದು ಗಟ್ಟಿಯಾದ ಲಾಭ, ಆದರೆ ಒಂದು ಷರತ್ತಿನ ಮೇಲೆ ಮಾತ್ರ. ಒಂದು ಕಡೆ ತಿದ್ದಬೇಕಾಗಿ ಬಂದಾಗ ಇನ್ನೊಂದು ಕಡೆಯೂ ಅದೇ ತಿದ್ದುಪಡಿ ಬೇಕಾಗುತ್ತದೆ ಎಂಬುದು ಆ ಷರತ್ತು. ಇದನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. 1972ರಲ್ಲೇ ಡೇವಿಡ್ ಪಾರ್ನಾಸ್ ಒಂದು ಪ್ರಬಂಧದಲ್ಲಿ ಪ್ರೋಗ್ರಾಮನ್ನು ಯಾವ ಆಧಾರದ ಮೇಲೆ ತುಂಡು ಮಾಡಬೇಕು ಎಂಬ ಪ್ರಶ್ನೆ ಎತ್ತಿಕೊಂಡರು. ಕೆಲಸ ನಡೆಯುವ ಹಂತಗಳ ಪ್ರಕಾರ ತುಂಡು ಮಾಡಿದ್ದಕ್ಕಿಂತ, ಮುಂದೆ ಬದಲಾಗಬಹುದಾದ ತೀರ್ಮಾನ ಒಂದೊಂದನ್ನೂ ಒಂದೊಂದು ತುಂಡಿನೊಳಗೆ ಮುಚ್ಚಿಟ್ಟದ್ದು ಬಾಳಿಕೆ ಬರುತ್ತದೆ ಎಂದು ಒಂದು ಚಿಕ್ಕ ಪ್ರೋಗ್ರಾಮನ್ನು ಎರಡೂ ಬಗೆಯಲ್ಲಿ ಬಿಡಿಸಿ ತೋರಿಸಿದರು. ಹಂಟ್ ಮತ್ತು ಥಾಮಸ್ ಹೇಳಿದ್ದೂ ಅಕ್ಷರಗಳ ಪುನರಾವರ್ತನೆಯ ಬಗ್ಗೆ ಅಲ್ಲ, ತಿಳಿವಳಿಕೆಯ ಪುನರಾವರ್ತನೆಯ ಬಗ್ಗೆ. 2019ರ ಇಪ್ಪತ್ತನೇ ವರ್ಷದ ಆವೃತ್ತಿಯಲ್ಲಿ ಅವರು ಅದನ್ನು ಬಿಡಿಸಿ ಹೇಳಬೇಕಾಯಿತು, ಅಷ್ಟರಮಟ್ಟಿಗೆ ಓದುಗರು ಅದನ್ನು ಬೇರೆಯಾಗಿ ಅರ್ಥಮಾಡಿಕೊಂಡಿದ್ದರು.

ಗೋವಾದ ಒಂದು ಸಂಚಾರ ಮಾಹಿತಿ ಆ್ಯಪ್ ಊಹಿಸಿಕೊಳ್ಳಿ. ಅದರಲ್ಲಿ ಕದಂಬ ಸಾರಿಗೆಯ ಬಸ್ಸುಗಳ ಒಂದು ಪಟ್ಟಿ, ಮಾಂಡೋವಿ ನದಿ ದಾಟಿಸುವ ಫೆರಿಗಳ ಒಂದು ಪಟ್ಟಿ. ಬಸ್ಸಿನ ಕಾರ್ಡಿನಲ್ಲಿ ಪಣಜಿಯಿಂದ ಮಡಗಾಂವ್, ಮುಂದಿನ ಬಸ್ಸು ಎಷ್ಟು ಹೊತ್ತಿಗೆ, ದರ ಎಷ್ಟು ಎಂದಿದೆ. ಫೆರಿಯ ಕಾರ್ಡಿನಲ್ಲಿ ರಾಯ್‌ಬಂದರ್‌ನಿಂದ ಚೋಡಣ, ಮುಂದಿನ ಫೆರಿ ಎಷ್ಟು ಹೊತ್ತಿಗೆ, ದರ ಎಷ್ಟು. ಎರಡು ಊರು, ಒಂದು ಬಾಣ, ಒಂದು ಸಮಯ, ಒಂದು ದರ. ವಿನ್ಯಾಸ ಮಾಡಿದವರು ಒಂದೇ ಚಿತ್ರ ಬರೆದು ಎರಡು ಕಡೆ ಅಂಟಿಸಿರುತ್ತಾರೆ. ಇದನ್ನು ಎರಡು ಫೈಲಾಗಿ ಬರೆಯುವವರು ಯಾರೂ ಸಿಗುವುದಿಲ್ಲ. 'ಪ್ರಯಾಣದ ಕಾರ್ಡ್' ಎಂದು ಹೆಸರಿಟ್ಟು ಒಂದೇ ಲೇಔಟ್ ಮಾಡುತ್ತಾರೆ. ಈಗ ಇವೆರಡೂ ಯಾವ ಕಾರಣಕ್ಕೆ ಬದಲಾಗುತ್ತವೆ ಎಂದು ಕೇಳಿ. ದೂರದ ಬಸ್ಸಿಗೆ ಸೀಟು ಕಾಯ್ದಿರಿಸುವುದಿದೆ, ನಡುವಿನ ನಿಲ್ದಾಣಗಳಿವೆ, ಎಕ್ಸ್‌ಪ್ರೆಸ್ಸೋ ಎಲ್ಲ ಕಡೆ ನಿಲ್ಲುವುದೋ ಎಂಬುದಿದೆ. ಫೆರಿಗೆ ಇವು ಯಾವುದೂ ಇಲ್ಲ. ಅದರಲ್ಲಿ ಜನರೂ ಸ್ಕೂಟರೂ ಕಾರೂ ಒಟ್ಟಿಗೆ ಹತ್ತುತ್ತವೆ. ಹಾಗಾಗಿ ಅದಕ್ಕೆ ಬೇಕಾಗುವುದು ವಾಹನಕ್ಕೆ ಜಾಗ ಇದೆಯೇ, ಕಾರಿಗೆ ದರ ಬೇರೆಯೇ, ನೀರಿನ ಮಟ್ಟದಿಂದಲೋ ದುರಸ್ತಿಯಿಂದಲೋ ಓಡಾಟ ನಿಂತಿದೆಯೇ ಎಂಬಂಥವು. ಒಂದನ್ನು ನಡೆಸುವುದು ಸಾರಿಗೆ ನಿಗಮ, ಇನ್ನೊಂದನ್ನು ನಡೆಸುವುದು ನದಿ ಸಾರಿಗೆ ಇಲಾಖೆ. ಅವುಗಳ ನಿಯಮ ಬದಲಾಗುವ ಕಾಲವೂ ಬೇರೆ, ಕಾರಣವೂ ಬೇರೆ. ಇವೆರಡೂ ಇಂದು ಒಂದೇ ಥರ ಕಾಣುತ್ತಿರುವುದು ಆ್ಯಪ್‌ನ ಮೊದಲ ಆವೃತ್ತಿಯಲ್ಲಿ ಎರಡರ ಬಗ್ಗೆಯೂ ನಮಗೆ ಗೊತ್ತಿರುವುದು ಅಷ್ಟೇ ಆದ್ದರಿಂದ.

ಮುಂದೆ ಏನಾಗುತ್ತದೆ ಎಂಬುದನ್ನು ಈ ಕೆಲಸ ಮಾಡಿದವರೆಲ್ಲ ನೋಡಿದ್ದಾರೆ. ಬಸ್ಸಿಗೆ ಸೀಟಿನ ಲೆಕ್ಕ ತೋರಿಸಬೇಕು ಎಂಬ ಬೇಡಿಕೆ ಬಂದಾಗ ಹಂಚಿಕೊಂಡ ಕಾರ್ಡಿಗೆ 'ಸೀಟು ತೋರಿಸು' ಎಂಬ ಹೌದು-ಅಲ್ಲದ ಗುರುತೊಂದು ಸೇರುತ್ತದೆ. ಫೆರಿಗೆ ಅದನ್ನು ಅಲ್ಲ ಎಂದು ಇಡುತ್ತಾರೆ. ಆಮೇಲೆ 'ವಾಹನ ದರ ತೋರಿಸು' ಬರುತ್ತದೆ, ಬಸ್ಸಿಗೆ ಅದು ಅಲ್ಲ. 'ಓಡಾಟ ನಿಂತಿದೆ' ಬರುತ್ತದೆ, 'ಚಿಕ್ಕ ಆಕಾರ' ಬರುತ್ತದೆ, 'ಹುಡುಕಾಟದ ಫಲಿತಾಂಶದಲ್ಲಿ ಇದೆ' ಬರುತ್ತದೆ. ಇಂಥ ಐದು ಗುರುತುಗಳಾದರೆ ಕಾರ್ಡು ತಾಳಬಹುದಾದ ರೂಪಗಳು 32. ಆರನೆಯದು ಸೇರಿದರೆ 64. ಇವುಗಳಲ್ಲಿ ನಿಜವಾಗಿ ಬೇಕಾದವು ಐದೋ ಆರೋ. ಉಳಿದವು ಯಾರೂ ಬಯಸದ, ಯಾರೂ ಪರೀಕ್ಷಿಸದ ರೂಪಗಳು, ಆದರೆ ಕೋಡಿನೊಳಗೆ ಅವು ಸಾಧ್ಯವಾಗಿ ಕೂತಿರುತ್ತವೆ. ಫೆರಿಯ ಕೆಲಸ ಮಾಡುತ್ತಿರುವಾಕೆ ಒಂದು ಅಂತರ ಸರಿಪಡಿಸಿದರೆ ಬಸ್ಸಿನ ಸ್ಕ್ರೀನಿನಲ್ಲಿ ದರ ಎರಡನೇ ಸಾಲಿಗೆ ಇಳಿಯುತ್ತದೆ. ತಿದ್ದುವುದು ಒಂದೇ ಕಡೆ ಎಂಬ ಲಾಭಕ್ಕಾಗಿ ಹಂಚಿಕೊಂಡಿದ್ದು, ಒಂದು ಕಡೆ ತಿದ್ದಿದರೆ ಎಲ್ಲ ಕಡೆ ನೋಡಬೇಕು ಎಂಬ ಭಾರವಾಗುತ್ತದೆ. ಯಾರೋ ಕೆಟ್ಟದಾಗಿ ಬರೆದದ್ದರಿಂದ ಹೀಗಾಯಿತು ಎನ್ನುವಂತಿಲ್ಲ. ಬದಲಾಗುವ ಕಾರಣ ಬೇರೆ ಇರುವ ಎರಡನ್ನು ಒಂದು ಮಾಡಿದರೆ ಚೆನ್ನಾಗಿ ಬರೆಯುವವರ ಕೈಯಲ್ಲೂ ಇದು ಹೀಗೇ ಆಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಡಕಿದೆ, ಅದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ವಾಸ್ಕೊದ ಬೈನಾ, ಝುವಾರಿನಗರದ ಕಡೆ ಬಾಗಲಕೋಟೆ, ವಿಜಯಪುರ, ಗದಗ ಜಿಲ್ಲೆಗಳಿಂದ ದುಡಿಯಲು ಬಂದ ಕುಟುಂಬಗಳು ತಲೆಮಾರುಗಳಿಂದ ಇವೆ. ಅಂಥವರು ಯಾವುದೇ ಅರ್ಜಿ ತುಂಬುವಾಗ ಎರಡು ವಿಳಾಸ ಕೊಡಬೇಕಾಗುತ್ತದೆ: ಊರಿನ ವಿಳಾಸ, ಈಗ ಇರುವ ಮನೆಯ ವಿಳಾಸ. ಆಂಡ್ರಾಯ್ಡ್ ಆ್ಯಪ್‌ನಲ್ಲಿ ಈ ಅರ್ಜಿ ಮಾಡುವವರು ವಿಳಾಸದ ಭಾಗವನ್ನು ಒಂದು ಫೈಲಿನಲ್ಲಿ ಬರೆದು ಎರಡು ಸಲ 'ಇನ್‌ಕ್ಲೂಡ್' ಮಾಡುವುದು ಸಹಜ. ಬಳಸುವವರು ಎರಡನ್ನೂ ತುಂಬುತ್ತಾರೆ. ಫೋನನ್ನು ಅಡ್ಡ ಹಿಡಿಯುತ್ತಾರೆ. ಆಂಡ್ರಾಯ್ಡ್ ಸ್ಕ್ರೀನನ್ನು ಕೆಡವಿ ಮತ್ತೆ ಕಟ್ಟುತ್ತದೆ, ತುಂಬಿದ ಅಕ್ಷರಗಳನ್ನು ಪೆಟ್ಟಿಗೆಗಳಿಗೆ ಮರಳಿ ಹಾಕುತ್ತದೆ. ನೋಡಿದರೆ ಎರಡೂ ಕಡೆ ವಾಸ್ಕೊದ ವಿಳಾಸವೇ ಬಂದಿರುತ್ತದೆ, ಊರಿನ ವಿಳಾಸ ಅಳಿಸಿಹೋಗಿರುತ್ತದೆ. ಕಾರಣ ಇಷ್ಟೇ: ಪ್ರತಿ ಪೆಟ್ಟಿಗೆಯಲ್ಲಿದ್ದುದನ್ನು ಆಂಡ್ರಾಯ್ಡ್ ಅದರ ಐಡಿಯ ಕೆಳಗೆ ಬರೆದಿಡುತ್ತದೆ. ಎರಡು ಸಲ ತಂದ ಒಂದೇ ಫೈಲಿನಲ್ಲಿ ಐಡಿಗಳೂ ಒಂದೇ, ಹಾಗಾಗಿ ಎರಡನೆಯದು ಮೊದಲನೆಯದರ ಮೇಲೆ ಕೂರುತ್ತದೆ. ಹೊರಗಿನ ಪೆಟ್ಟಿಗೆಗೆ ಬೇರೆ ಐಡಿ ಕೊಟ್ಟರೂ ಒಳಗಿನವುಗಳ ಸ್ಥಿತಿ ಒಂದೇ ಚೀಲಕ್ಕೆ ಹೋಗುವುದರಿಂದ ಪ್ರಯೋಜನವಿಲ್ಲ. ಸರಿಯಾದ ಪರಿಹಾರವೆಂದರೆ ವಿಳಾಸದ ಭಾಗವನ್ನು ತನ್ನದೇ ಒಂದು ಕಸ್ಟಮ್ ವ್ಯೂ ಮಾಡಿ, ತನ್ನ ಮಕ್ಕಳ ಸ್ಥಿತಿಯನ್ನು ತಾನೇ ಬೇರೆ ಕಟ್ಟಿನಲ್ಲಿ ಉಳಿಸಿ ಮರಳಿ ಪಡೆಯುವಂತೆ ಮಾಡುವುದು.

ಈ ದೋಷ ತಿಳಿಸುವ ಸಂಗತಿ ಮುಖ್ಯವಾದದ್ದು. 'ಇನ್‌ಕ್ಲೂಡ್' ಹಂಚಿಕೊಳ್ಳುವುದು ಚಿತ್ರವನ್ನು. ನಾವು ಹಂಚಿಕೊಂಡೆವು ಎಂದುಕೊಂಡದ್ದು ಒಂದು ವಸ್ತುವನ್ನು, ತನ್ನ ನೆನಪು, ತನ್ನ ನಿಯಮ, ತನ್ನ ತಪ್ಪು ಸಂದೇಶ ಇರುವ ವಸ್ತುವನ್ನು. ಚಿತ್ರ ಒಂದಾದ ಮಾತ್ರಕ್ಕೆ ವಸ್ತು ಸಿದ್ಧವಾಗುವುದಿಲ್ಲ. ಇನ್ನೂ ಒಂದು ಹೆಜ್ಜೆ ಒಳಗೆ ಹೋದರೆ, ಆ ಎರಡು ವಿಳಾಸಗಳೂ ನಿಜಕ್ಕೂ ಒಂದೇ ಅಲ್ಲ. ಗೋವಾದ ವಿಳಾಸದಲ್ಲಿ ಮನೆ ನಂಬರಿನ ನಂತರ ವಾಡೊ, ಅಂದರೆ ಕೇರಿ, ಬರುತ್ತದೆ, ಆಮೇಲೆ ಊರು, ತಾಲೂಕು. ಕರ್ನಾಟಕದ ಹಳ್ಳಿಯ ವಿಳಾಸಕ್ಕೆ ಹೋಬಳಿ ಬೇಕು, ತಾಲೂಕು-ಜಿಲ್ಲೆಗಳ ಪಟ್ಟಿ ಪೂರ್ತಿ ಬೇರೆ. ಇಲ್ಲಿ ಹಂಚಿಕೊಳ್ಳಬೇಕಾದದ್ದು ವಿಳಾಸದ ಇಡೀ ಭಾಗವಲ್ಲ. ಒಂದು ಲೇಬಲ್, ಅದರ ಕೆಳಗೆ ಬರೆಯುವ ಪೆಟ್ಟಿಗೆ, ತಪ್ಪಾದಾಗ ಕೆಳಗೆ ಬರುವ ಸಂದೇಶ, ಕಣ್ಣು ಕಾಣದವರಿಗಾಗಿ ಪರದೆ ಓದುವ ಟಾಕ್‌ಬ್ಯಾಕ್ ಅದನ್ನು ಓದಿ ಹೇಳುವ ರೀತಿ, ಬೆರಳಿಗೆ ಸಿಗಲು ಬೇಕಾದ ಕನಿಷ್ಠ 48 ಡಿಪಿ ಜಾಗ, ಇಷ್ಟನ್ನು ಒಳಗೊಂಡ ಒಂದು ಸಾಲು ಎಲ್ಲ ಅರ್ಜಿಗಳಲ್ಲೂ ಒಂದೇ ಕಾರಣಕ್ಕೆ ಬದಲಾಗುತ್ತದೆ. ಕಣ್ಣು ಕಾಣದವರಿಗೆ ತಪ್ಪು ಸಂದೇಶ ಕೇಳಿಸುತ್ತಿಲ್ಲ ಎಂದು ಗೊತ್ತಾದರೆ ಅದನ್ನು ವಾಸ್ಕೊದ ವಿಳಾಸಕ್ಕೆ ಸರಿಪಡಿಸಿ ಬಾದಾಮಿಯ ವಿಳಾಸಕ್ಕೆ ಬಿಡುವ ಪ್ರಶ್ನೆಯೇ ಇಲ್ಲ. ಇಂಥದ್ದನ್ನು ಎರಡನೇ ಸಲ ಬರೆಯುವಂತಾದಾಗಲೇ ಒಂದು ಮಾಡಬೇಕು, ಮೂರನೆಯದಕ್ಕೆ ಕಾಯಬಾರದು.

ಈ ಕಾರಣಕ್ಕೇ 'ಮೂರು ಸಲ ಬಂದರೆ ಹಂಚಿಕೊಳ್ಳಿ' ಎಂಬ ಪ್ರಸಿದ್ಧ ನಿಯಮವೂ ನನಗೆ ಸಾಕೆನಿಸುವುದಿಲ್ಲ. 1999ರಲ್ಲಿ ಬಂದ ಮಾರ್ಟಿನ್ ಫೌಲರ್ ಅವರ 'ರಿಫ್ಯಾಕ್ಟರಿಂಗ್' ಪುಸ್ತಕದಿಂದ ಅದು ಹರಡಿತು. ಅವಸರ ಬೇಡ ಎಂಬ ಎಚ್ಚರಿಕೆಯಾಗಿ ಅದು ಒಳ್ಳೆಯದು. ಆದರೆ ಎಣಿಕೆ ಕಾರಣದ ಬದಲಿಗೆ ನಿಲ್ಲಲಾರದು. ಒಂದೇ ಕಾರಣ ಇದ್ದರೆ ಎರಡೇ ಸಾಕು. ಕಾರಣ ಬೇರೆ ಬೇರೆ ಇದ್ದರೆ ಹತ್ತೂ ಸಾಲದು.

ಈಗ ಲಿಪಿಯ ವಿಷಯ. ನನ್ನ ಮಟ್ಟಿಗೆ ಈ ವಾದದ ತಿರುಳು ಇಲ್ಲಿದೆ. 1987ರ ರಾಜಭಾಷಾ ಕಾಯ್ದೆಯ ಪ್ರಕಾರ ಗೋವಾದ ಅಧಿಕೃತ ಭಾಷೆ ದೇವನಾಗರಿ ಲಿಪಿಯ ಕೊಂಕಣಿ, ಮರಾಠಿಯನ್ನೂ ಸರ್ಕಾರಿ ಕೆಲಸಗಳಿಗೆ ಬಳಸಬಹುದು. ಅದೇ ಕೊಂಕಣಿಯನ್ನು ರೋಮನ್ ಲಿಪಿಯಲ್ಲಿ ಓದಿ ಬರೆಯುವ ದೊಡ್ಡ ಸಮುದಾಯವಿದೆ. 2011ರ ಜನಗಣತಿಯಲ್ಲಿ ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು ಮಂದಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದ್ದಾರೆ. ಇಂಥ ಕಡೆ ಹಂಚಿಕೊಂಡ ಕಾರ್ಡಿನ ಅಳತೆ ಯಾವ ಲಿಪಿಯ ಮೇಲೆ ತೆಗೆದದ್ದು? ಬಹುಪಾಲು ಸಲ ಇಂಗ್ಲಿಷ್ ಮಾದರಿ ಪಠ್ಯದ ಮೇಲೆ. ಊರಿನ ಹೆಸರಿಗೆ ಒಂದು ಸಾಲು, ಆ ಸಾಲಿಗೆ ಇಂತಿಷ್ಟೇ ಎತ್ತರ ಎಂದು ಗೆರೆ ಎಳೆದಿರುತ್ತಾರೆ. ರೋಮನ್ ಅಕ್ಷರ ಅದರಲ್ಲಿ ಹಾಯಾಗಿ ಕೂರುತ್ತದೆ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ರಾಷ್ಟ್ರ ಎಂಬಲ್ಲಿ ಒತ್ತಿಗೆ ಇನ್ನೊಂದು ಒತ್ತು ಸೇರುತ್ತದೆ. ಎತ್ತರ ಬಿಗಿಯಾಗಿದ್ದರೆ ಕೆಳಭಾಗ ಕತ್ತರಿಸಿಹೋಗುತ್ತದೆ, ವಾಸ್ಕೊದಿಂದ ಹೊರಡುವ ಬಸ್ಸಿನ ಕಾರ್ಡಿನಲ್ಲಿ ಹುಬ್ಬಳ್ಳಿ ಇದ್ದದ್ದು ಹುಬಳಿ ಆಗುತ್ತದೆ. ಇದು ಒಂದು ಸ್ಕ್ರೀನಿನ ದೋಷವಾಗಿ ಉಳಿಯುವುದಿಲ್ಲ. ಕಾರ್ಡು ಹಂಚಿಕೊಂಡದ್ದಾದ್ದರಿಂದ ಇಡೀ ಆ್ಯಪ್‌ನ ತುಂಬ ಕನ್ನಡದ ಒತ್ತುಗಳು ಬಿದ್ದುಹೋಗುತ್ತವೆ.

ಆಂಡ್ರಾಯ್ಡ್ ಈ ಸಮಸ್ಯೆಯನ್ನು ಬಹುಕಾಲ ನಿಭಾಯಿಸಿದ ರೀತಿಯೇ ಒಂದು ಪಾಠ. ಕನ್ನಡ, ತೆಲುಗು, ತಮಿಳು, ಮಲಯಾಳಂ ಮುಂತಾದ, ಎತ್ತರ ಹೆಚ್ಚು ಬೇಡುವ ಲಿಪಿಗಳಿಗೆ ಎರಡು ಬಗೆಯ ಅಕ್ಷರ ವಿನ್ಯಾಸಗಳನ್ನು ಫೋನಿನೊಳಗೆ ಇಟ್ಟಿದ್ದರು. ಒಂದು ಸಹಜ ಎತ್ತರದ್ದು; ಇನ್ನೊಂದು ರೋಮನ್ ಅಕ್ಷರಕ್ಕೆ ಅಳೆದ ಸಾಲಿನಲ್ಲಿ ಹಿಡಿಯುವಂತೆ ಮೇಲೆ ಕೆಳಗೆ ಅಡಕ ಮಾಡಿದ್ದು. ಡೆವಲಪರ್ ಏನೂ ಹೇಳದಿದ್ದರೆ ಸಿಗುತ್ತಿದ್ದುದು ಅಡಕ ಮಾಡಿದ್ದೇ. ಸಹಜವಾದದ್ದು ಬೇಕಾದರೆ 2014ರ ಆಂಡ್ರಾಯ್ಡ್ 5ರಿಂದ ಇದ್ದ 'ಎಲಿಗಂಟ್ ಟೆಕ್ಸ್ಟ್ ಹೈಟ್' ಎಂಬ ಗುಣವನ್ನು ಕೇಳಿ ಪಡೆಯಬೇಕಿತ್ತು. 2024ರ ಆಂಡ್ರಾಯ್ಡ್ 15ಕ್ಕೆ ಹೊಂದಿಸಿದ ಆ್ಯಪ್‌ಗಳಲ್ಲಿ ಮಾತ್ರ ಇದು ತಿರುಗಿತು, ಸಹಜ ಎತ್ತರವೇ ಮೊದಲ ಆಯ್ಕೆಯಾಯಿತು. ಅಲ್ಲಿಯವರೆಗೆ ಹತ್ತು ವರ್ಷ, ಲೇಔಟ್ ಲಿಪಿಗೆ ಹೊಂದಿಕೊಳ್ಳುವ ಬದಲು ಲಿಪಿಯನ್ನೇ ಲೇಔಟ್‌ಗೆ ಹೊಂದಿಸಿದ್ದರು. ಈಗ ಆ ಬದಲಾವಣೆ ಬಂದಾಗ ತೊಂದರೆಗೆ ಸಿಕ್ಕಿಕೊಳ್ಳುವುದು ಯಾವ ಆ್ಯಪ್? ಎತ್ತರವನ್ನು ಸಂಖ್ಯೆಯಾಗಿ ಬಿಗಿದ ಹಂಚಿಕೆಯ ಕಾರ್ಡುಗಳಿರುವ ಆ್ಯಪ್.

ಲಿಪಿ ಹೀಗೆ ಅಳತೆಗೆ ಬಗ್ಗುವುದು ಗೋವಾಕ್ಕೆ ಹೊಸತಲ್ಲ. ಭಾರತದ ಮೊದಲ ಮುದ್ರಣಾಲಯ 1556ರಲ್ಲಿ ಬಂದಿಳಿದದ್ದು ಹಳೆ ಗೋವಾದ ಸೇಂಟ್ ಪಾಲ್ ಕಾಲೇಜಿಗೆ. ಅಚ್ಚುಮೊಳೆಗಿಂತ ಶುದ್ಧವಾದ ಮರುಬಳಕೆ ಇನ್ನೊಂದಿಲ್ಲ: ಪುಟವನ್ನು ಕೆತ್ತುವ ಬದಲು ಅಕ್ಷರವನ್ನು ಎರಕ ಹೊಯ್ದು, ಒಂದು ಪುಟ ಮುಗಿದ ಮೇಲೆ ಬಿಡಿಸಿ ಮುಂದಿನ ಪುಟಕ್ಕೆ ಜೋಡಿಸುವುದು. ಆದರೆ ಇದ್ದ ಮೊಳೆಗಳು ರೋಮನ್ ಅಕ್ಷರದವು. 1616ರಲ್ಲಿ ಥಾಮಸ್ ಸ್ಟೀಫನ್ಸ್ ಅವರ ಮರಾಠಿ-ಕೊಂಕಣಿ ಮಹಾಕಾವ್ಯ 'ಕ್ರಿಸ್ತಪುರಾಣ' ಅಚ್ಚಾದಾಗ, ಈ ನೆಲದ ಭಾಷೆಯ ಓವಿ ಪದ್ಯಗಳು ರೋಮನ್ ಲಿಪಿಯಲ್ಲೇ ಬಂದವು. ಅದಕ್ಕೆ ಓದುಗರು, ಚರ್ಚಿನ ಧೋರಣೆ ಎಂಬ ಬೇರೆ ಕಾರಣಗಳೂ ಇರಬಹುದು. ಆದರೂ ಮರುಬಳಸುವ ತುಂಡು ಯಾವ ಲಿಪಿಗೆ ಅಳೆದದ್ದೋ ಆ ಲಿಪಿಯೇ ಮುಂದೆ ಬರುತ್ತದೆ, ಉಳಿದವು ಅದರ ಅಳತೆಗೆ ಬಗ್ಗಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನಮಗೆ ಬೇಕಿಲ್ಲ. ಮರುಬಳಕೆ ಎಲ್ಲರಿಗೂ ಸಮನಾದ, ತಟಸ್ಥವಾದ ಉಪಾಯ ಎಂದು ತಿಳಿಯುವವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ, ಅದು ಸರಿಯಾದದ್ದೇ: ದೋಷ ಹಂಚಿಕೆಯಿಂದ ಎಲ್ಲ ಕಡೆ ಹರಡಿತು ನಿಜ, ಆದರೆ ಪರಿಹಾರವೂ ಒಂದೇ ಕಡೆ ತಿದ್ದಿದರೆ ಎಲ್ಲ ಕಡೆ ತಲುಪುತ್ತದಲ್ಲ? ಹತ್ತು ಬೇರೆ ಕಾರ್ಡುಗಳಿದ್ದರೆ ಹತ್ತು ಕಡೆ ಒತ್ತಕ್ಷರ ಉಳಿಸಬೇಕಾಗುತ್ತಿತ್ತಲ್ಲ? ಒಪ್ಪುತ್ತೇನೆ. ಇದು ನನ್ನ ವಾದವನ್ನು ಕೆಡಿಸುವುದಿಲ್ಲ, ಇನ್ನಷ್ಟು ಖಚಿತ ಮಾಡುತ್ತದೆ. ಸಾಲಿಗೆ ಎಷ್ಟು ಎತ್ತರ, ಹೆಸರು ಉದ್ದವಾದರೆ ಎರಡನೇ ಸಾಲಿಗೆ ಇಳಿಯಬೇಕೋ ಬೇಡವೋ, ಬಳಸುವವರು ಅಕ್ಷರದ ಗಾತ್ರ ಹೆಚ್ಚಿಸಿಕೊಂಡಾಗ ಏನಾಗಬೇಕು ಎಂಬುದು ಎಲ್ಲ ಕಾರ್ಡುಗಳಿಗೂ ಒಂದೇ ಕಾರಣಕ್ಕೆ ಬದಲಾಗುವ ತೀರ್ಮಾನ. ಆಂಡ್ರಾಯ್ಡ್ 14ರಿಂದ ಅಕ್ಷರವನ್ನು ಶೇಕಡಾ 200ರವರೆಗೆ ಹಿಗ್ಗಿಸಬಹುದಾದ್ದರಿಂದ ಇದು ವಯಸ್ಸಾದವರೆಲ್ಲರ ಪ್ರಶ್ನೆಯೂ ಹೌದು. ಹಾಗಾಗಿ 'ಊರಿನ ಹೆಸರು ತೋರಿಸುವ ಅಕ್ಷರಸಾಲು' ಎಂಬುದನ್ನು ಹಂಚಿಕೊಳ್ಳಿ. ಅದರ ಸುತ್ತಲಿನ ಬಸ್ಸು-ಫೆರಿ ಕಾರ್ಡನ್ನು ಹಂಚಿಕೊಳ್ಳಬೇಕೆಂದು ಇದರಿಂದ ಸಿದ್ಧವಾಗುವುದಿಲ್ಲ. ಆಕ್ಷೇಪಣೆ ಎತ್ತುವವರು ಚಿಕ್ಕದಕ್ಕೆ ಇರುವ ಕಾರಣವನ್ನು ದೊಡ್ಡದಕ್ಕೆ ಸಾಕ್ಷಿಯಾಗಿ ತರುತ್ತಿದ್ದಾರೆ.

ಎರಡನೆಯ ಆಕ್ಷೇಪಣೆ ಹೊಸ ಸಲಕರಣೆಗಳನ್ನು ಮುಂದಿಡುತ್ತದೆ. 2021ರಲ್ಲಿ ಸ್ಥಿರ ರೂಪಕ್ಕೆ ಬಂದ ಜೆಟ್‌ಪ್ಯಾಕ್ ಕಂಪೋಸ್, 2018ರಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ ಫ್ಲಟರ್, 2019ರಲ್ಲಿ ಆ್ಯಪಲ್ ತಂದ ಸ್ವಿಫ್ಟ್‌ಯುಐ ಇವುಗಳಲ್ಲಿ ಲೇಔಟ್ ಎಂದರೆ ಕೋಡೇ ಆದ್ದರಿಂದ ಹಳೆಯ ಗೊಂದಲ ಇಲ್ಲ ಎನ್ನುತ್ತಾರೆ. ಅರ್ಧ ನಿಜ. ಮೇಲೆ ಹೇಳಿದ ವಿಳಾಸದ ದೋಷ ಕಂಪೋಸ್‌ನಲ್ಲಿ ಆ ರೂಪದಲ್ಲಿ ಬರುವುದಿಲ್ಲ, ಏಕೆಂದರೆ ಅಲ್ಲಿ ಸ್ಥಿತಿಯನ್ನು ಐಡಿಯಿಂದ ಅಲ್ಲ, ಕರೆದ ಜಾಗದಿಂದ ಗುರುತಿಸಲಾಗುತ್ತದೆ. ಇನ್ನೂ ದೊಡ್ಡ ಉಪಕಾರವೆಂದರೆ, ಕಾರ್ಡಿನಲ್ಲಿ ಹೌದು-ಅಲ್ಲದ ಗುರುತುಗಳ ಬದಲು ಖಾಲಿ ಜಾಗ ಬಿಡುವುದು ಅಲ್ಲಿ ಸಲೀಸು. ಹೊರಚೌಕಟ್ಟು, ಅಂಚು, ಒತ್ತಿದಾಗಿನ ನೆರಳು ಇಷ್ಟನ್ನು ಕಾರ್ಡು ನೋಡಿಕೊಳ್ಳುತ್ತದೆ. ಬಲಭಾಗದಲ್ಲಿ ಏನು ಬರಬೇಕೆಂಬುದನ್ನು ಬಸ್ಸಿನ ಸ್ಕ್ರೀನ್ ತಾನೇ ತುಂಬುತ್ತದೆ, ಫೆರಿಯ ಸ್ಕ್ರೀನ್ ತಾನೇ ತುಂಬುತ್ತದೆ. ಕಾರ್ಡಿಗೆ ಸೀಟೆಂದರೇನು, ವಾಹನ ದರವೆಂದರೇನು ಎಂದು ಗೊತ್ತಿರಬೇಕಾಗಿಲ್ಲ. ಇದು ನಾನು ಕೇಳುತ್ತಿರುವ ಬೇರ್ಪಡಿಕೆಯೇ. ಆದರೆ ಸಲಕರಣೆ ಅವಕಾಶ ಕೊಡುತ್ತದೆಯೇ ಹೊರತು ತೀರ್ಮಾನ ಮಾಡುವುದಿಲ್ಲ. ಕಂಪೋಸ್‌ನಲ್ಲೂ ಹನ್ನೊಂದು ಹೌದು-ಅಲ್ಲಗಳಿರುವ ಕಾರ್ಡು ಬರೆಯುವುದಕ್ಕೆ ಅಡ್ಡಿ ಏನೂ ಇಲ್ಲ, ಬರೆಯುತ್ತಲೂ ಇದ್ದಾರೆ.

ಮೂರನೆಯದು ಸಣ್ಣ ತಂಡಗಳ ಮಾತು: ನಾವು ಇರುವುದೇ ಮೂವರು, ಕಾರಣಗಳನ್ನು ವಿಂಗಡಿಸುತ್ತ ಕೂರಲು ಪುರುಸೊತ್ತಿಲ್ಲ, ಒಂದೇ ಕಾರ್ಡು ಮಾಡಿ ಮುಂದಕ್ಕೆ ಹೋಗುತ್ತೇವೆ. ಈ ಒತ್ತಡ ನಿಜವಾದದ್ದು, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಲೆಕ್ಕ ಅವರಿಗೆ ವಿರುದ್ಧವಾಗಿದೆ. ಪುರುಸೊತ್ತಿಲ್ಲದವರಿಗೆ ಕಾಪಿ ಮಾಡುವುದೇ ಅಗ್ಗ. ಎರಡು ಕಾರ್ಡುಗಳು ಬೇರೆ ಇದ್ದು ಒಂದೇ ಕಾರಣಕ್ಕೆ ಬದಲಾಗುತ್ತಿವೆ ಎಂದು ಆರು ತಿಂಗಳ ನಂತರ ಕಂಡರೆ ಒಂದುಗೂಡಿಸುವುದು ಅರ್ಧ ದಿನದ ಕೆಲಸ: ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ಒಂದೇ ಕಾರ್ಡಿನಲ್ಲಿ ಹೆಣೆದುಕೊಂಡ ಎರಡನ್ನು ಬಿಡಿಸಬೇಕಾದರೆ ಯಾವ ಗುರುತು ಯಾರಿಗಾಗಿ ಬಂತು ಎಂದು ಮೊದಲು ಪತ್ತೆ ಮಾಡಬೇಕು, ಅಷ್ಟು ಹೊತ್ತಿಗೆ ಅದನ್ನು ಬರೆದವರು ಕೆಲಸ ಬದಲಿಸಿ ಪುಣೆಗೋ ಬೆಂಗಳೂರಿಗೋ ಹೋಗಿರುತ್ತಾರೆ. ಕಾಪಿಯಲ್ಲಿ ಅಪಾಯ ಇಲ್ಲವೆಂದಲ್ಲ. ಎರಡು ಕಾಪಿಗಳು ಸದ್ದಿಲ್ಲದೆ ದೂರವಾಗುತ್ತ ಹೋಗುವುದು ನಿಜವಾದ ಅಪಾಯ. ಅದಕ್ಕೆ ಮದ್ದು ನೋಟದ ತೀರ್ಮಾನಗಳನ್ನು ಥೀಮಿನಲ್ಲಿ ಇಡುವುದು. ಆಗ ದೂರವಾಗಬಾರದ್ದು ದೂರವಾಗುವುದಿಲ್ಲ, ದೂರವಾಗಬೇಕಾದದ್ದು ಆಗುತ್ತ ಹೋಗುತ್ತದೆ.

ಈಗಾಗಲೇ ಗೋಜಲಾದ ಕಾರ್ಡು ಕೈಯಲ್ಲಿರುವವರಿಗೆ ಒಂದು ದಾರಿ ಇದೆ, ಅದು ಹಿಂದಕ್ಕೆ ನಡೆಯುವ ದಾರಿ. ಹಂಚಿಕೊಂಡ ಲೇಔಟನ್ನು ಅದನ್ನು ಬಳಸುವ ಪ್ರತಿ ಸ್ಕ್ರೀನಿಗೂ ಪೂರ್ತಿಯಾಗಿ ಕಾಪಿ ಮಾಡಿ ಇಳಿಸಿ. ಫೆರಿಯ ಕಾಪಿಯಲ್ಲಿ ಎಂದೂ 'ಹೌದು' ಆಗದ ಗುರುತುಗಳನ್ನೂ ಅವು ಮರೆಮಾಡುತ್ತಿದ್ದ ವ್ಯೂಗಳನ್ನೂ ತೆಗೆದುಹಾಕಿ, ಬಸ್ಸಿನ ಕಾಪಿಯಲ್ಲೂ ಹಾಗೆಯೇ. ಕಸ ಹೋದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಕನ್ನಡ, ದೇವನಾಗರಿ ಕೊಂಕಣಿ, ರೋಮನ್ ಕೊಂಕಣಿ ಮೂರರಲ್ಲೂ, ಅಕ್ಷರ ದೊಡ್ಡದು ಮಾಡಿ, ಫೋನು ಅಡ್ಡ ತಿರುಗಿಸಿ ನೋಡಿ. ನಾವು ಊಹಿಸಿಕೊಂಡ ಆ್ಯಪ್‌ನಲ್ಲಿ ಹೀಗೆ ಮಾಡಿದರೆ ಉಳಿಯುವುದು ಊರಿನ ಹೆಸರಿನ ಅಕ್ಷರಸಾಲು, ಸಮಯ ತೋರಿಸುವ ಚಿಕ್ಕ ಪಟ್ಟಿ, ಕಾರ್ಡಿನ ಹೊರಚೌಕಟ್ಟು ಈ ಮೂರು. ಹಂಚಿಕೆಯ ಜಾಗದಲ್ಲಿ ಇರಬೇಕಾದವು ಅವು. ಬಸ್ಸಿನ ಕಾರ್ಡು ಬಸ್ಸಿನ ಕೆಲಸ ಮಾಡುವವರ ಕಡತದಲ್ಲಿ, ಫೆರಿಯ ಕಾರ್ಡು ಫೆರಿಯವರ ಕಡತದಲ್ಲಿ ಇದ್ದರೆ, ಚೋಡಣದ ಫೆರಿಗೆ ಮುಂದಿನ ತಿಂಗಳು ದರದ ನಿಯಮ ಬದಲಾದಾಗ ಮಡಗಾಂವಿನ ಬಸ್ಸಿನ ಸ್ಕ್ರೀನನ್ನು ಯಾರೂ ತೆರೆದು ನೋಡಬೇಕಾಗುವುದಿಲ್ಲ.